98 ಕೆಜಿ ತೂಕಕ್ಕೆ 120 ಮಿಮೀ ಟ್ರಾವೆಲ್ ಸಾಕಾಗುತ್ತಾ?

ಪ್ರಶ್ನೆ: ನನಗೆ 41 ವರ್ಷ, ತೂಕ 98 ಕೆಜಿ. ಸಕಲೇಶಪುರದ ಹತ್ತಿರ ಇದ್ದೇನೆ. ಮುಂದೆ ಮಾತ್ರ ಸಸ್ಪೆನ್ಶನ್ ಇರುವ ಸಾಧಾರಣ ಸೈಕಲ್‌ನಲ್ಲಿ ಎರಡು ವರ್ಷದಿಂದ ತೋಟದ ರಸ್ತೆ, ಕಾಲುದಾರಿಗಳಲ್ಲಿ ಓಡಾಡುತ್ತಿದ್ದೇನೆ. ಇಳಿಜಾರಿನಲ್ಲಿ ಇನ್ನೂ ಭಯ ಹೋಗಿಲ್ಲ. ಈಗ ಎರಡೂ ಕಡೆ ಸಸ್ಪೆನ್ಶನ್ ಇರುವ ಸೈಕಲ್ ತಗೊಳ್ಳಬೇಕು ಅಂತಿದ್ದೇನೆ. ಹಿಂದೆ 120, ಮುಂದೆ 130 ಮಿಮೀ ಟ್ರಾವೆಲ್ (ಸಸ್ಪೆನ್ಶನ್ ಒಟ್ಟು ಎಷ್ಟು ಕುಸಿಯಬಲ್ಲದು ಅನ್ನುವ ಅಳತೆ) ಇರುವ ಒಂದು ಸೈಕಲ್ ಇಷ್ಟವಾಗಿದೆ. ಆದರೆ ಜೊತೆಗಾರರು, ‘ನಿನ್ನ ತೂಕಕ್ಕೆ ಅದು ತಳಕ್ಕೆ ಬಡಿಯುತ್ತೆ, ಕಲಿಯುವವರಿಗೆ 150 ಬೇಕು’ ಅಂತಾರೆ. ಇನ್ನೊಬ್ಬರು ತಮ್ಮ ಹಳೆಯ 100 ಮಿಮೀ ರೇಸ್ ಸೈಕಲ್ಲನ್ನು ಕಡಿಮೆ ಬೆಲೆಗೆ ಕೊಡುತ್ತೇನೆ ಅಂದಿದ್ದಾರೆ. ಯಾವುದು ಸರಿ?

ಉತ್ತರ: 120–130ರ ಸೈಕಲ್ಲನ್ನೇ ತಗೊಳ್ಳಿ. ಹಳೆಯ ರೇಸ್ ಸೈಕಲ್ ಎಷ್ಟೇ ಅಗ್ಗಕ್ಕೆ ಬಂದರೂ ಬೇಡ. 150 ಮಿಮೀ ಸದ್ಯಕ್ಕೆ ನಿಮಗೆ ಬೇಕಾಗಿಲ್ಲ.

ನಿಮ್ಮ ಜೊತೆಗಾರರ ಮಾತು ಸುಮ್ನೆ ಹುಟ್ಟಿದ್ದಲ್ಲ. ಕಡಿಮೆ ಬೆಲೆಯ ಸೈಕಲ್‌ಗಳ ಮುಂದಿನ ಫೋರ್ಕ್‌ನಲ್ಲಿ, ಅಂದರೆ ಮುಂದಿನ ಚಕ್ರ ಹಿಡಿದಿರುವ ಎರಡು ಕಾಲಿನ ಭಾಗದಲ್ಲಿ, ಉಕ್ಕಿನ ಸ್ಪ್ರಿಂಗ್ ಇರುತ್ತದೆ. ನೀವು ಈಗ ಓಡಿಸುತ್ತಿರುವುದೂ ಅಂಥದ್ದೇ ಇರಬಹುದು. ಆ ಸ್ಪ್ರಿಂಗ್ ಸಾಮಾನ್ಯವಾಗಿ ಮಧ್ಯಮ ತೂಕದವರ ಲೆಕ್ಕಕ್ಕೆ ಮಾಡಿದ್ದು. ಮೇಲಿನ ತಿರುಗಣೆ ತಿರುಗಿಸಿದರೂ ಅದು ಗಟ್ಟಿಯಾಗುವುದಿಲ್ಲ. 98 ಕೆಜಿಯವರು ಕೂತರೆ ಅರ್ಧ ಅಲ್ಲೇ ಕುಸಿಯುತ್ತದೆ, ಮೊದಲ ಗುಂಡಿಗೇ ತಳಕ್ಕೆ ಬಡಿಯುತ್ತದೆ. ಅದನ್ನು ನೋಡಿದವರಿಗೆ ‘ತೂಕ ಜಾಸ್ತಿ ಇದ್ದರೆ ಟ್ರಾವೆಲ್ ಜಾಸ್ತಿ ಬೇಕು’ ಅನ್ನಿಸುವುದು ಸಹಜ.

ನೀವು ನೋಡಿರುವ ದರ್ಜೆಯ ಸೈಕಲ್‌ಗಳಲ್ಲಿ ಇರುವುದು ಗಾಳಿಯ ಸ್ಪ್ರಿಂಗ್. ಅಲ್ಲಿ ಲೆಕ್ಕ ಬೇರೆ. ತೂಕ ಜಾಸ್ತಿಯಾದಷ್ಟೂ ಗಾಳಿ ಜಾಸ್ತಿ ತುಂಬುತ್ತೀರಿ, ಸ್ಪ್ರಿಂಗ್ ಅಷ್ಟೇ ಗಟ್ಟಿಯಾಗುತ್ತದೆ. 65 ಕೆಜಿಯವರು ಮತ್ತು 98 ಕೆಜಿಯವರು ಒಂದೇ ಎತ್ತರದ ಮೆಟ್ಟಿಲಿನಿಂದ ಕೆಳಗೆ ಇಳಿದರು ಅಂದುಕೊಳ್ಳಿ. ಇಬ್ಬರೂ ತಮ್ಮ ತೂಕಕ್ಕೆ ಸರಿಯಾಗಿ ಗಾಳಿ ತುಂಬಿದ್ದರೆ ಇಬ್ಬರ ಶಾಕ್ (ಹಿಂದಿನ ಸಸ್ಪೆನ್ಶನ್) ಕೂಡ ಹೆಚ್ಚುಕಡಿಮೆ ಅಷ್ಟೇ ಕುಸಿಯುತ್ತದೆ. ಹಾಗಾಗಿ ನಿಮ್ಮ ತೂಕವನ್ನು ನೋಡಿ ಟ್ರಾವೆಲ್ ಆರಿಸುವ ಅಗತ್ಯವಿಲ್ಲ. ದಾರಿ ನೋಡಿ ಆರಿಸಿ.

ಆದರೆ ರಿಮ್‌ಗೆ, ಕಡ್ಡಿಗಳಿಗೆ, ಫ್ರೇಮ್‌ಗೆ, ಬ್ರೇಕ್‌ಗೆ ಈ ಅನುಕೂಲ ಇಲ್ಲ. ಅವುಗಳ ಮೇಲೆ ನಿಮ್ಮ ತೂಕ ಪೂರ್ತಿ ಬೀಳುತ್ತದೆ. ಕಡಿಮೆ ಟ್ರಾವೆಲ್ ಸೈಕಲ್ ದಪ್ಪ ಸವಾರರಿಗೆ ಕೈಕೊಡುವುದು ಹೆಚ್ಚಾಗಿ ಇಲ್ಲೇ. ಈ ವರ್ಗದ ಸೈಕಲ್‌ಗಳನ್ನು ಹಗುರ ಮಾಡುವ ಆಸೆಗೆ ತೆಳು ಟೈರ್, 28 ಕಡ್ಡಿಯ ಚಕ್ರ, 160 ಮಿಮೀ ಬ್ರೇಕ್ ಡಿಸ್ಕ್ ಹಾಕಿ ಮಾರುವುದುಂಟು. ಹಾಗಾಗಿ ಒಂದೇ 120 ಮಿಮೀ ಅಂತ ಬರೆದಿದ್ದರೂ ಒಂದರ ಸ್ವಭಾವ ಇನ್ನೊಂದಕ್ಕಿಲ್ಲ. ಎರಡು ಮಾದರಿ ನೋಡಿ. 2020ರಲ್ಲಿ ಬಂದ ಟ್ರಾನ್ಸಿಷನ್ ಸ್ಪರ್ ಹಿಂದೆ ಮುಂದೆ ಎರಡೂ 120. ಹಗುರವಾಗಿ, ದೂರ ಓಡಿಸಲು ಕಟ್ಟಿದ್ದು. ಸ್ಯಾಂಟಾ ಕ್ರೂಜ್ ಟಾಲ್‌ಬಾಯ್ ಹಿಂದೆ 120, ಮುಂದೆ 130; ತುಸು ಭಾರ, ಆದರೆ ಗಟ್ಟಿಮುಟ್ಟು. ನಿಮಗೆ ಹೊಂದುವುದು ಎರಡನೆಯ ಜಾತಿ. ಬ್ರ್ಯಾಂಡ್ ಯಾವುದಾದರೂ ಇರಲಿ, ಆ ಕಟ್ಟು ಇರಬೇಕು.

ಬ್ರೇಕ್ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಭಯಕ್ಕೂ ಅದಕ್ಕೂ ಸಂಬಂಧ ಇದೆ. ಸೈಕಲ್ 14 ಕೆಜಿ ಅಂತಿಟ್ಟುಕೊಂಡರೆ ನೀವು ಇಳಿಸುತ್ತಿರುವುದು 112 ಕೆಜಿ. 65 ಕೆಜಿಯ ಗೆಳೆಯರು 79 ಕೆಜಿ ಇಳಿಸುತ್ತಿದ್ದಾರೆ. ಅದೇ ಇಳಿಜಾರನ್ನು ಅದೇ ವೇಗದಲ್ಲಿ ಇಳಿದರೂ ನಿಮ್ಮ ಬ್ರೇಕ್ ಸುಮಾರು 40% ಜಾಸ್ತಿ ಶಾಖ ತಡೆದುಕೊಳ್ಳಬೇಕು. ಬಿಸಿಯಾದ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ, ಬೆರಳು ಸೋಲುತ್ತದೆ. ಆಮೇಲೆ ಹೆದರಿಕೆ ತಾನಾಗಿಯೇ ಬರುತ್ತದೆ. ತನಗೆ ಇಳಿಯೋಕೆ ಬರಲ್ಲ ಅಂತ ಬೇಜಾರು ಮಾಡಿಕೊಂಡಿದ್ದ ನನ್ನ ಒಬ್ಬ ಶಿಷ್ಯರಿಗೆ ಬೇಕಾಗಿದ್ದದ್ದು ಬರೀ ದೊಡ್ಡ ಡಿಸ್ಕ್. ನಾಲ್ಕು ಪಿಸ್ಟನ್ ಇರುವ ಬ್ರೇಕ್, ಮುಂದೆ 200 ಅಥವಾ 203, ಹಿಂದೆ 180 ಮಿಮೀ ಡಿಸ್ಕ್ ಇರಲಿ. ಫೋರ್ಕ್ ಮತ್ತು ಫ್ರೇಮ್ ಅಷ್ಟು ದೊಡ್ಡ ಡಿಸ್ಕ್‌ಗೆ ಒಪ್ಪುತ್ತವೆಯೇ ಅಂತ ಮೊದಲು ಅಂಗಡಿಯಲ್ಲಿ ಕೇಳಿ.

ಇನ್ನು ಉಳಿದದ್ದು. ಚಕ್ರಕ್ಕೆ 32 ಕಡ್ಡಿ ಇರಲಿ. ಫೋರ್ಕ್‌ನ ಕಾಲು 34 ಮಿಮೀಗಿಂತ ತೆಳ್ಳಗೆ ಬೇಡ, 32 ಮಿಮೀ ಕಾಲು ನಿಮ್ಮ ತೂಕಕ್ಕೆ ಕಲ್ಲುಗಳ ಮಧ್ಯೆ ತಿರುಚಿಕೊಳ್ಳುತ್ತದೆ. ಟೈರ್ 2.4 ಇಂಚು ಅಗಲದ್ದು, ಪಕ್ಕದ ಗೋಡೆ ದಪ್ಪ ಇರುವುದು, ಟ್ಯೂಬ್‌ಲೆಸ್. ಮುಂದೆ 25, ಹಿಂದೆ 28 ಪಿಎಸ್‌ಐ ಗಾಳಿಯಿಂದ ಶುರು ಮಾಡಿ, ರಿಮ್ ಕಲ್ಲಿಗೆ ತಾಗಿದ ಸದ್ದು ಬಂದರೆ ಒಂದೆರಡು ಏರಿಸಿ.

ದುಡ್ಡು ಕೊಡುವ ಮೊದಲು ಸೈಕಲ್ ಜೊತೆ ಬರುವ ಪುಸ್ತಕ ತೆರೆದು ನೋಡಿ. ಅಂಗಡಿಗಳಲ್ಲಿ ಇದನ್ನು ಯಾರೂ ತಾವಾಗಿ ತೋರಿಸುವುದಿಲ್ಲ. ಒಂದು, ತೂಕದ ಮಿತಿ. ಅದು ಸವಾರನದ್ದು ಮಾತ್ರವೋ, ಸೈಕಲ್ ಮತ್ತು ಬ್ಯಾಗ್ ಸೇರಿಸಿಯೋ ಅಂತ ಸರಿಯಾಗಿ ಓದಿ. ನಿಮ್ಮ ವಿಷಯದಲ್ಲಿ ಆ 14 ಕೆಜಿ ದೊಡ್ಡ ವ್ಯತ್ಯಾಸ. ಇನ್ನೊಂದು, ಬಳಕೆಯ ವರ್ಗ. ಎಎಸ್‌ಟಿಎಂ ಎಫ್2043 ಅನ್ನುವ ಮಾನದಂಡದ ಪ್ರಕಾರ 1ರಿಂದ 5ರವರೆಗೆ ಒಂದು ಸಂಖ್ಯೆ ಕೊಡುತ್ತಾರೆ. 3 ಇದ್ದರೆ ಸುಮಾರು 60 ಸೆಂಮೀ ಎತ್ತರದ ತನಕ ಇಳಿಸಬಹುದು, 4 ಇದ್ದರೆ ಸುಮಾರು 120 ಸೆಂಮೀ ತನಕ. ಕಡಿಮೆ ಟ್ರಾವೆಲ್ ಸೈಕಲ್‌ಗಳಲ್ಲಿ ಎರಡೂ ಸಿಗುತ್ತವೆ. ನೀವು ಜಿಗಿಯುವವರಲ್ಲ ನಿಜ, ಆದರೂ ನಾನು ನಿಮಗೆ 4 ಇರುವುದನ್ನೇ ಹೇಳುತ್ತೇನೆ. ಕಲಿಯುವವರು ಬೇಕು ಅಂತ ಜಿಗಿಯುವುದಕ್ಕಿಂತ ತಪ್ಪಿ ಬೀಳುವುದು ಜಾಸ್ತಿ.

ಈಗ ಕೌಶಲದ ಮಾತು. ಹೊಸಬರನ್ನು ಕಾಪಾಡುವುದು ಟ್ರಾವೆಲ್‌ಗಿಂತ ಹೆಚ್ಚಾಗಿ ಸೈಕಲ್‌ನ ಆಕಾರ. ಹಳೆಯ ರೇಸ್ ಸೈಕಲ್ ಬೇಡ ಅಂದದ್ದು ಇದಕ್ಕೇ. ಅದರ ಫೋರ್ಕ್ ನೆಲಕ್ಕೆ 70–71 ಡಿಗ್ರಿಯಲ್ಲಿ ನೆಟ್ಟಗೆ ನಿಂತಿರುತ್ತದೆ, ಹ್ಯಾಂಡಲ್ ಕಿರಿದು, ಸೀಟು ಇಳಿಯುವುದಿಲ್ಲ. ಕಡಿದಾದ ಜಾಗದಲ್ಲಿ ಮುಂದಿನ ಚಕ್ರ ನಿಮ್ಮ ಎದೆಯ ಕೆಳಗೇ ಇದ್ದ ಹಾಗಾಗುತ್ತದೆ. ನಾನು ಮೊದಲು ಓಡಿಸಿದ್ದೂ ಅಂಥದ್ದೇ. ಮೊಣಕಾಲೆತ್ತರದ ಒಂದು ಹಳ್ಳಕ್ಕೆ ಇಳಿಸುವಾಗ ಹ್ಯಾಂಡಲ್ ಮೇಲಿಂದ ಹಾರಿ ಬಿದ್ದು, ಎರಡು ತಿಂಗಳು ಎಡಗೈ ಎತ್ತಲಾಗಲಿಲ್ಲ. ಅಲ್ಲಿ 50 ಮಿಮೀ ಟ್ರಾವೆಲ್ ಜಾಸ್ತಿ ಇದ್ದಿದ್ದರೂ ಬೀಳುತ್ತಿದ್ದೆ. ಈಗಿನ 120ರ ಸೈಕಲ್‌ಗಳಲ್ಲಿ ಈ ಕೋನ 66 ಡಿಗ್ರಿಯ ಆಸುಪಾಸು ಇರುತ್ತದೆ. ಚಕ್ರ ನಿಮ್ಮಿಂದ ಮುಂದೆ ಇರುತ್ತದೆ, ತಪ್ಪು ಮಾಡಿದರೂ ಸರಿಪಡಿಸಿಕೊಳ್ಳಲು ಒಂದು ಕ್ಷಣ ಸಿಗುತ್ತದೆ. ಬಟನ್ ಒತ್ತಿದರೆ ಇಳಿಯುವ ಸೀಟ್ ಪೋಸ್ಟ್ ಇರಲೇಬೇಕು. ಸೀಟು ಕೆಳಗೆ ಹೋದರೆ ದೇಹ ಕೆಳಗೆ ಬರುತ್ತದೆ. ಅದಕ್ಕಿಂತ ದೊಡ್ಡ ಧೈರ್ಯ ನಾನು ಕಂಡಿಲ್ಲ.

150ರ ಸೈಕಲ್ ಯಾಕೆ ಬೇಡ? ಅದು ಬಂಡೆಗಳ ಮೇಲೆ ಹಾಯಾಗಿರುತ್ತದೆ, ಸುಳ್ಳಲ್ಲ. ಆದರೆ ನಿಮ್ಮ ಊರಿನ ಕಡೆಯ ದಾರಿ ನೆನಪಿಸಿಕೊಳ್ಳಿ. ತೋಟದ ಕಲ್ಲು ರಸ್ತೆ, ಸಿಲ್ವರ್ ಓಕ್ ಬೇರು, ಮಳೆಗಾಲದಲ್ಲಿ ಪಾಚಿ ಕಟ್ಟಿದ ಜಂಬಿಟ್ಟಿಗೆ, ಮತ್ತೆ ಮತ್ತೆ ಏರು. ಪಾಚಿಯ ಮೇಲೆ ಜಾರುವುದನ್ನು ಟ್ರಾವೆಲ್ ತಡೆಯುವುದಿಲ್ಲ, ಟೈರ್ ಮತ್ತು ಬ್ರೇಕ್ ಮೇಲಿನ ಬೆರಳು ತಡೆಯುತ್ತವೆ. ಏರಿನಲ್ಲಿ ಭಾರದ ಸೈಕಲ್ ನಿಮ್ಮ ಉಸಿರು ತೆಗೆಯುತ್ತದೆ. ದಣಿದ ಕಾಲಿನಲ್ಲಿ ಇಳಿಯುವವರು ನೆಟ್ಟಗೆ ನಿಲ್ಲಲಾರದೆ ಸೀಟಿನ ಮೇಲೆ ಕೂತುಬಿಡುತ್ತಾರೆ, ಬೀಳುವುದೂ ಆಗಲೇ. ಇನ್ನೊಂದು ಮಾತು. ಉದ್ದ ಟ್ರಾವೆಲ್ ಏಟನ್ನು ನುಂಗಿಬಿಡುತ್ತದೆ. ತಪ್ಪು ಗೆರೆ ಹಿಡಿದದ್ದೇ ನಿಮಗೆ ಗೊತ್ತಾಗುವುದಿಲ್ಲ, ವೇಗ ಮಾತ್ರ ಏರುತ್ತಾ ಹೋಗುತ್ತದೆ. 120ರಲ್ಲಿ ಕೈಕಾಲಿಗೆ ಸುದ್ದಿ ಮುಟ್ಟುತ್ತದೆ. ಅದಕ್ಕೆ ಬೆಲೆಯೂ ಇದೆ. ಉದ್ದದ ಇಳಿಜಾರಿನ ಕೊನೆಗೆ ಅಂಗೈ ಜಾಸ್ತಿ ನೋಯುತ್ತದೆ, ನಡುವೆ ನಿಂತು ಸುಧಾರಿಸಿಕೊಳ್ಳಬೇಕಾಗುತ್ತದೆ. ಮುಂದೆ ಎಂದಾದರೂ ದೊಡ್ಡ ಬಂಡೆಗಳ ದಾರಿ, ಜಿಗಿತ ಇವೇ ನಿಮ್ಮ ಭಾನುವಾರಗಳಾದರೆ ಆಗ 150 ನೋಡಿ.

ಸೈಕಲ್ ಮನೆಗೆ ಬಂದ ದಿನವೇ ಗಾಳಿ ಹೊಂದಿಸಿ. ಅದಕ್ಕೆ ಶಾಕ್ ಪಂಪ್ ಬೇಕು, ಟೈರ್ ಪಂಪ್ ಆಗುವುದಿಲ್ಲ. ಹಿಂದಿನ ಶಾಕ್‌ಗೆ ಶುರುವಿಗೆ ನಿಮ್ಮ ತೂಕದ ಪೌಂಡ್ ಲೆಕ್ಕದಷ್ಟೇ ಪಿಎಸ್‌ಐ ತುಂಬಿ, ಅಂದರೆ ಸುಮಾರು 215. ಹೆಚ್ಚಿನ ಶಾಕ್‌ಗಳ ಮಿತಿ 300ರಿಂದ 350ರೊಳಗೆ ಇರುತ್ತದೆ, ಅದನ್ನು ಶಾಕ್ ಮೇಲೆಯೇ ಬರೆದಿರುತ್ತಾರೆ. ನಿಮಗೆ ಬೇಕಾದ ಒತ್ತಡ ಆ ಮಿತಿಯ ಹತ್ತಿರಕ್ಕೇ ಹೋಗುತ್ತಿದ್ದರೆ ಆ ಸೈಕಲ್ ನಿಮ್ಮದಲ್ಲ. ಹೆಲ್ಮೆಟ್, ನೀರಿನ ಬ್ಯಾಗ್ ಎಲ್ಲ ಹಾಕಿಕೊಂಡು ಪೆಡಲ್ ಮೇಲೆ ನಿಲ್ಲಿ, ಮನೆಯವರೊಬ್ಬರು ಶಾಕ್ ಮೇಲಿನ ರಬ್ಬರ್ ಉಂಗುರವನ್ನು ಶಾಕ್‌ನ ದಪ್ಪ ಭಾಗಕ್ಕೆ ತಾಗುವ ತನಕ ತಳ್ಳಲಿ, ಆಮೇಲೆ ಮೆಲ್ಲಗೆ ಇಳಿಯಿರಿ. ಶಾಕ್‌ನ ಓಟ (ಶಾಕ್ ತಾನೇ ಒಳಗೆ ಸರಿಯುವ ದೂರ, ಇದು ಚಕ್ರದ ಟ್ರಾವೆಲ್‌ಗಿಂತ ಕಡಿಮೆ ಇರುತ್ತದೆ) 45 ಮಿಮೀ ಇದ್ದರೆ ಉಂಗುರ 12–13 ಮಿಮೀ ಸರಿದಿರಬೇಕು. ಜಾಸ್ತಿ ಸರಿದಿದ್ದರೆ ಗಾಳಿ ಏರಿಸಿ. ಮುಂದಿನ ಫೋರ್ಕ್‌ಗೂ ಹೀಗೇ, ಅಲ್ಲಿ ಐದನೇ ಒಂದು ಭಾಗ ಸಾಕು.

ಗಾಳಿ ಜಾಸ್ತಿಯಾದಾಗ ಶಾಕ್ ವಾಪಸ್ ಒದೆಯುವ ಜೋರೂ ಜಾಸ್ತಿಯಾಗುತ್ತದೆ. ತೂಕದವರು ಇದನ್ನು ಮರೆತು, ‘ಸೈಕಲ್ ಕುದುರೆ ಥರ ಎಗರುತ್ತೆ’ ಅಂತ ದೂರುತ್ತಾರೆ. ಸಾಮಾನ್ಯವಾಗಿ ಕೆಂಪು ಬಣ್ಣದ ರೀಬೌಂಡ್ ತಿರುಗಣೆ ಇರುತ್ತದೆ. ಅದನ್ನು ಒಂದೊಂದೇ ಕ್ಲಿಕ್ ನಿಧಾನದ ಕಡೆಗೆ ತಿರುಗಿಸುತ್ತಾ, ಫುಟ್‌ಪಾತ್ ಅಂಚಿನಿಂದ ಇಳಿಸಿ ನೋಡಿ. ಇಳಿದ ಮೇಲೆ ಸೈಕಲ್ ಒಂದೇ ಸಲ ಮೇಲೆ ಬಂದು ನಿಲ್ಲಬೇಕು.

ಮೊದಲ ನಾಲ್ಕೈದು ಸವಾರಿ ಆದಮೇಲೆ ಪ್ರತಿ ಸಲ ಆ ರಬ್ಬರ್ ಉಂಗುರ ಎಲ್ಲಿದೆ ನೋಡಿ. ಇಡೀ ದಾರಿಯಲ್ಲಿ ಒಂದು ಸಲ ಕೊನೆ ಮುಟ್ಟಿದ್ದರೆ ಸರಿಯಾಗಿದೆ, ಟ್ರಾವೆಲ್ ಇರುವುದೇ ಬಳಸುವುದಕ್ಕೆ. ಮತ್ತೆ ಮತ್ತೆ ತಳಕ್ಕೆ ಬಡಿದು ‘ಠಕ್’ ಅನ್ನುತ್ತಿದ್ದರೆ, ಶಾಕ್‌ನ ಗಾಳಿ ಕೋಣೆಯೊಳಗೆ ಕೂರಿಸುವ ಪ್ಲಾಸ್ಟಿಕ್ ಸ್ಪೇಸರ್ ಸಿಗುತ್ತದೆ. ಒಂದು ಹಾಕಿಸಿ, ಕೊನೆಯ ಭಾಗ ಗಟ್ಟಿಯಾಗುತ್ತದೆ. ಸೈಕಲ್ ಮಾರುವ ಯೋಚನೆ ಅದಾದ ಮೇಲೆ ಮಾಡಿದರೆ ಸಾಕು.