ಮಷಿನ್ ಹಿಡಿದಾಗ ಮಾತ್ರ ನಡುಗುವ ಕೈ

ಈರಣ್ಣನಿಗೆ 23 ವರ್ಷ (ಹೆಸರು, ಗುರುತು ಬದಲಿಸಿದ್ದೇನೆ). ಗದಗಿನಿಂದ ದಿನಾ ರೈಲಿಗೆ ಹುಬ್ಬಳ್ಳಿಗೆ ಬಂದು ಟ್ಯಾಟೂ ಅಂಗಡಿಯೊಂದರಲ್ಲಿ ಕೆಲಸ ಕಲಿಯುತ್ತಿದ್ದ. ಕಲಿಸಲಿಕ್ಕೆ ಅಂತ 40 ಸಾವಿರ ಕೊಟ್ಟಿದ್ದ. ಎಂಟು ತಿಂಗಳಲ್ಲಿ ಮಾಡಿದ್ದು ಜಾಸ್ತಿ ಕಸ ಗುಡಿಸೋದು, ಚಹಾ ತರೋದು.

ಆಪ್ತಸಲಹೆಗೆ ನನ್ನ ಹತ್ತಿರ ಕರೆದುಕೊಂಡು ಬಂದದ್ದು ಅವನ ಅವ್ವ. "ನಿದ್ದಿ ಮಾಡವಲ್ಲ ರೀ ಮೇಡಂ. ಮಷಿನ್ ಹಿಡದ್ರ ಕೈ ನಡಗತಾವಂತ." ಅವರ ಮುಂಗೈ ಮೇಲೆ ಹಳೆಯ ಹಸಿರು ಹಚ್ಚೆ ಇತ್ತು. ಅದನ್ನೇ ಬಿಡಿಸು ಅಂತ ಈರಣ್ಣನಿಗೆ ಪೆನ್ಸಿಲ್ ಕೊಟ್ಟೆ. ಗೆರೆ ಎಲ್ಲೂ ಅಲುಗಲಿಲ್ಲ. ಥೈರಾಯ್ಡ್ ಹೆಚ್ಚಾದರೂ ಕೈ ನಡುಗಬಹುದು ಅಂತ ಅದರ ಪರೀಕ್ಷೆ ಮಾಡಿಸಿದೆವು, ಅದೂ ಸರಿ ಇತ್ತು.

ಎರಡನೇ ಸಲ ಬಂದಾಗ ಬಾಯಿ ಬಿಟ್ಟ. ಗಿರಾಕಿಯೊಬ್ಬ ತೋಳಿನ ಮೇಲೆ "ಅವ್ವ" ಅಂತ ಬರೆಸಲು ಬಂದಿದ್ದ. ಕೆಲವು ಡಿಸೈನ್ ಸಾಫ್ಟ್‌ವೇರ್‌ಗಳಲ್ಲಿ ಕನ್ನಡದ ಒತ್ತಕ್ಷರ ಒಡೆಯುತ್ತದೆ, ಗೊತ್ತಲ್ವಾ? ಚರ್ಮಕ್ಕೆ ಅಂಟಿಸಿ ಅಚ್ಚು ಮೂಡಿಸುವ ಹಾಳೆಯಲ್ಲಿ, ಅಂದರೆ ಸ್ಟೆನ್ಸಿಲ್‌ನಲ್ಲಿ, "ಅವ್‌ವ" ಅಂತ ಬಂತು. ಅಂದು ಗದ್ದಲ ಇತ್ತು, ಕೆಲಸ ಕಲಿಸುವ ಸರ್ ಮೊದಲ ಸಲ ಇವನ ಕೈಗೇ ಮಷಿನ್ ಕೊಟ್ಟಿದ್ದರು. ಹೆದರಿ ಸೂಜಿಯನ್ನು ಆಳಕ್ಕೆ ಒತ್ತಿದ. ಮಸಿ ಚರ್ಮದೊಳಗೆ ಹರಡಿ ಗೆರೆ ಊದಿಕೊಂಡಿತು. ಎಲ್ಲರ ಮುಂದೆ ಬೈಸಿಕೊಂಡ: "ಕನ್ನಡನೂ ಬರೂದಿಲ್ಲೇನು ನಿನಗ?"

ನಾನು ಸುಮ್ನೆ ಸಮಾಧಾನ ಹೇಳಲಿಲ್ಲ. ಓದದೆ ಚುಚ್ಚಿದ್ದು ನಿನ್ನ ತಪ್ಪು, ಪಕ್ಕದಲ್ಲಿ ಕೂರದೆ ಜೀವಂತ ತೋಳು ಒಪ್ಪಿಸಿದ್ದು ಅವರ ತಪ್ಪು ಎಂದೆ. ಕಸ ಗುಡಿಸೋದೂ ಕಲಿಕೆಯೇ. ಆ ಕಸದಲ್ಲಿರುವ ಬಳಸಿದ ಸೂಜಿ ಚುಚ್ಚಿದರೆ ಯಕೃತ್ತಿನ ಸೋಂಕುಗಳಾದ ಹೆಪಟೈಟಿಸ್ ಬಿ, ಸಿ ಹರಡಬಹುದು. ಆದರೆ ಅದನ್ನು ಯಾರೂ ಅವನಿಗೆ ಹೇಳಿರಲಿಲ್ಲ. ಲಸಿಕೆ ಕೂಡ ಹಾಕಿಸಿಕೊಂಡಿರಲಿಲ್ಲ! ಹಾಗಾಗಿ ನನ್ನ ಮೊದಲ ಸಲಹೆ ಮನಸ್ಸಿಗೆ ಸಂಬಂಧಿಸಿದ್ದೇ ಅಲ್ಲ: ಬಿ ಲಸಿಕೆಯ ಮೂರು ಡೋಸ್ ಶುರು ಮಾಡು.

ಆಮೇಲೆ, ಆ ಗಿರಾಕಿಗೆ ನೀನೇ ಫೋನ್ ಮಾಡಿ ತಪ್ಪಾಯ್ತು ಅನ್ನು. ಸರ್ ಹತ್ತಿರ "ಕಲಸವಲ್ರಿ" ಅಂತ ದೂರಬೇಡ, ಒಂದೇ ಒಂದು ಕೇಳು. ವಾರಕ್ಕೊಂದು ತಾಸು ಪಕ್ಕದಲ್ಲಿ ಕೂತು ನನ್ನ ಗೆರೆ ನೋಡ್ರಿ, ತಪ್ಪು ತೋರಸ್ರಿ ಅಂತ. ತಿಂಗಳಲ್ಲಿ ಆಗದಿದ್ದರೆ ಹಣ ವಾಪಸ್ ಕೇಳಿ ಬೇರೆ ಅಂಗಡಿ ನೋಡು. ಅಲ್ಲಿವರೆಗೆ ಕೃತಕ ಚರ್ಮದ ಮೇಲೆ ಬರೀ ಗೆರೆ ಎಳೆ. ಎಳೆಯುವಾಗ ಉಸಿರು ಮೆಲ್ಲಗೆ ಬಿಡು. ಮನೆಯಲ್ಲಿ ಗೆಳೆಯರಿಗೆ ಹಾಕಲು ಹೋಗಬೇಡ.

ಸರ್ ಒಪ್ಪಿದರು, ಅದು ನನಗೇ ಆಶ್ಚರ್ಯ. ಗಿರಾಕಿಯ ಗಾಯ ಮಾಗಿದ ಮೇಲೆ ಆ ಅಕ್ಷರವನ್ನು ಎಲೆಬಳ್ಳಿಯಿಂದ ಮುಚ್ಚಿದರಂತೆ. ದೀಪ ಹಿಡಿದು ನಿಂತದ್ದು ಈರಣ್ಣ. "ಎರಡು ತಾಸು ಅವರ ಕೈನ ನೋಡಿದೆ ರೀ. ಅವರು ಒತ್ತೂದೇ ಇಲ್ಲ, ಮುಟ್ಟಿಸಿ ಎಳೀತಾರ."

ಈಗ ಕನ್ನಡ ಸ್ಟೆನ್ಸಿಲ್ ಇದ್ದರೆ ಮೊದಲು ತಂಗಿಗೆ ವಾಟ್ಸಾಪ್ ಮಾಡುತ್ತಾನೆ. ಮೊನ್ನೆ "ಅಣ್ಣ" ಅನ್ನೋದನ್ನ ಅವಳು ಎರಡು ಸಲ ವಾಪಸ್ ಕಳಿಸಿದಳಂತೆ.