ಕೋಳಿಗೂಡು: ಹಣ ಎಲ್ಲಿ ಉಳಿಸಬೇಕು, ಎಲ್ಲಿ ಉಳಿಸಬಾರದು

ಪ್ರಶ್ನೆ: ನಮ್ಮದು ಸಣ್ಣ ಅಡಿಕೆ ತೋಟ. 10 ಹೇಂಟೆ, 2 ಹುಂಜ ಸೇರಿ 12 ಗಿರಿರಾಜ ಕೋಳಿಗಳನ್ನು ಹಿತ್ತಲಿನಲ್ಲಿ ಸಾಕಬೇಕೆಂದಿದ್ದೇವೆ. ಗೂಡಿಗೆ 8,000 ರೂಪಾಯಿಗಿಂತ ಹೆಚ್ಚು ಹಾಕುವ ಶಕ್ತಿ ನಮಗಿಲ್ಲ. ಪೇಟೆಯಲ್ಲಿ 4 ಅಡಿ ಉದ್ದ, 3 ಅಡಿ ಅಗಲದ ಕಬ್ಬಿಣದ ಸಿದ್ಧ ಗೂಡೊಂದನ್ನು ‘20 ಕೋಳಿಗೆ ಧಾರಾಳ’ ಎಂದು ಹೇಳಿ ಮಾರುತ್ತಿದ್ದಾರೆ. ಅದನ್ನೇ ಕೊಳ್ಳೋಣವೇ, ನಾವೇ ಕಟ್ಟಿಕೊಳ್ಳೋಣವೇ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ನೀವೇ ಕಟ್ಟಿಕೊಳ್ಳಿ. ಆ ಸಿದ್ಧ ಗೂಡಿನ ನೆಲ 12 ಚದರ ಅಡಿ ಮಾತ್ರ. ಮಾರುವವರು ಹೇಳುವ ಕೋಳಿಗಳ ಸಂಖ್ಯೆಯನ್ನು ನಂಬಿ ಗೂಡು ಕೊಳ್ಳಬಾರದು. ಅಳತೆಪಟ್ಟಿ ಹಿಡಿದು ನೆಲದ ವಿಸ್ತೀರ್ಣ ನೋಡಿ ಕೊಳ್ಳಬೇಕು. ಹಗಲೆಲ್ಲ ಹೊರಗೆ ಮೇಯ್ದು ರಾತ್ರಿ ಮಾತ್ರ ಒಳಸೇರುವ ಹಗುರ ಮೈಯ ನಾಟಿಕೋಳಿಗೆ ಒಂದು, ಒಂದೂವರೆ ಚದರ ಅಡಿ ಸಾಕಾದೀತು. ಆದರೆ ಬೆಂಗಳೂರಿನ ಹೆಬ್ಬಾಳದಲ್ಲಿ ಅಭಿವೃದ್ಧಿಯಾದ ಗಿರಿರಾಜ ಭಾರವಾದ ತಳಿ, ಮೇಲಾಗಿ ನಿಮ್ಮ ಊರಿನ ಮಳೆಗಾಲದಲ್ಲಿ ಕೋಳಿಗಳು ದಿನಗಟ್ಟಲೆ ಗೂಡಿನಿಂದ ಹೊರಬರಲಾರವು. ಆ ದಿನಗಳನ್ನು ಲೆಕ್ಕಕ್ಕೆ ಹಿಡಿದು ಕೋಳಿಯೊಂದಕ್ಕೆ 2 ಚದರ ಅಡಿಯಂತೆ 24 ಚದರ ಅಡಿ, ಅಂದರೆ 6 ಅಡಿ ಉದ್ದ, 4 ಅಡಿ ಅಗಲದ ಗೂಡು ನಿಮಗೆ ಬೇಕು. ಇಕ್ಕಟ್ಟಿನಲ್ಲಿ ಕೂಡಿಟ್ಟ ಕೋಳಿಗಳು ಒಂದನ್ನೊಂದು ಕುಕ್ಕಿ ಗಾಯ ಮಾಡುತ್ತವೆ, ಹಿಕ್ಕೆಯ ತೇವಕ್ಕೆ ಗೂಡು ಘಾಟು ಹಿಡಿದು ಉಸಿರಾಟದ ಕಾಯಿಲೆಗೆ ದಾರಿಯಾಗುತ್ತದೆ.

ಹಣ ಕಡಿಮೆ ಇರುವಾಗ ಗೂಡಿನ ಎಲ್ಲ ಭಾಗಗಳಿಗೂ ಸ್ವಲ್ಪ ಸ್ವಲ್ಪ ಹಂಚುವುದು ಸರಿಯಲ್ಲ. ಜಾಲರಿ, ಕಾಲು, ಬಾಗಿಲು ಈ ಮೂರಕ್ಕೆ ಕೈಬಿಚ್ಚಿ ಖರ್ಚು ಮಾಡಿ, ಉಳಿದದ್ದನ್ನು ತೋಟದಲ್ಲಿ ಸಿಗುವ ಸಾಮಗ್ರಿಯಿಂದ ಪೂರೈಸಿಕೊಳ್ಳಿ. ಅಂಗಡಿಯವರು ಕೋಳಿ ಜಾಲರಿ ಎಂದು ಕೊಡುವ ಆರು ಮೂಲೆ ಕಣ್ಣಿನ ತೆಳುತಂತಿಯ ಬಲೆ ಕೋಳಿಯನ್ನು ಒಳಗಿಡಬಲ್ಲದೇ ಹೊರತು ನಾಯಿಯನ್ನು ಹೊರಗಿಡಲಾರದು. ಮಲೆನಾಡಿನ ತೇವಕ್ಕೆ ಅದು ಬೇಗ ತುಕ್ಕು ಹಿಡಿಯುತ್ತದೆ. ಅರ್ಧ ಇಂಚು ಕಣ್ಣಿನ, ಕಲಾಯಿ ಹಾಕಿದ ವೆಲ್ಡ್ ಮೆಶ್‌ ಕೊಳ್ಳಿ. ಅದು ದುಬಾರಿ, ನಿಜ. ಆದ್ದರಿಂದ ಗೋಡೆಯ ಕೆಳಗಿನ ಒಂದೂವರೆ ಅಡಿಯನ್ನು ಅಡಿಕೆ ಮರವನ್ನು ಸೀಳಿದ ದಬ್ಬೆಯಿಂದ ಸಂದಿಲ್ಲದಂತೆ ಮುಚ್ಚಿ, ಅದರ ಮೇಲೆ ಮಾತ್ರ ಮೆಶ್‌ ಹಾಕಿದರೆ ಖರ್ಚು ಇಳಿಯುತ್ತದೆ, ಮಳೆಯ ಎರಚಲೂ ಒಳಗೆ ಹೊಡೆಯುವುದಿಲ್ಲ. ಪಶ್ಚಿಮದ ಗೋಡೆಯನ್ನು ಪೂರ್ತಿ ಮುಚ್ಚಿಬಿಡಿ. ಗೂಡಿನ ಉದ್ದ ಪೂರ್ವ–ಪಶ್ಚಿಮವಾಗಿರಲಿ. ಬೆಳಗು ಸಂಜೆಯ ಬಿಸಿಲು ಕಿರಿದಾದ ಬದಿಗಷ್ಟೇ ಬೀಳುತ್ತದೆ, ಗಾಳಿ ಉದ್ದನೆಯ ಬದಿಗಳಿಂದ ಹಾಯುತ್ತದೆ. ಮಳೆಗಾಲದಲ್ಲಿ ಗೋಣಿತಾಟು ಅಥವಾ ಟಾರ್ಪಾಲಿನ ಪರದೆ ಕಟ್ಟುವಾಗ ಹೆಚ್ಚಿನವರು ಮೇಲಿಂದ ಇಳಿಬಿಟ್ಟು ಪೂರ್ತಿ ಮುಚ್ಚುತ್ತಾರೆ. ಹಾಗೆ ಮಾಡದೆ ಪರದೆಯ ಬುಡವನ್ನು ಭದ್ರಪಡಿಸಿ, ಮೇಲೆ ಒಂದಡಿ ತೆರೆದಿಡಿ. ಒಳಗಿನ ಘಾಟು ಮೇಲೇರಿ ಹೊರಹೋಗಲು ಅಷ್ಟು ಜಾಗ ಬೇಕೇ ಬೇಕು.

ನೆಲಕ್ಕೂ ದಬ್ಬೆಯೇ ಆಗುತ್ತದೆ. ಬಲಿತ ಮರದ ದಬ್ಬೆ ಆರಿಸಿ, ಒಳಗಿನ ಮೆತ್ತನೆಯ ತಿರುಳನ್ನು ಕತ್ತಿಯಿಂದ ಕೆತ್ತಿ ತೆಗೆದು, ಹೊರಮೈಯ ಗಟ್ಟಿ ಭಾಗ ಮೇಲೆ ಬರುವಂತೆ ಮುಕ್ಕಾಲು ಇಂಚು ಸಂದಿ ಬಿಟ್ಟು ಮೊಳೆ ಹೊಡೆಯಿರಿ. ತಿರುಳು ಉಳಿದರೆ ತೇವ ಹೀರಿ ಕೊಳೆಯುತ್ತದೆ. ಅಂಚಿನ ಸಿಬಿರುಗಳನ್ನು ಕೈಯಾಡಿಸಿ ನೋಡಿ ಒಂದೊಂದಾಗಿ ಹೆರೆದು ತೆಗೆಯಿರಿ. ಕಾಲಿಗೆ ಸಿಬಿರು ಚುಚ್ಚಿದರೆ ಅಂಗಾಲು ಕೀವುಗಟ್ಟಿ ಭಾರದ ಕೋಳಿ ಕುಂಟತೊಡಗುತ್ತದೆ. ಹಿಕ್ಕೆ ಸಂದಿಯಿಂದ ಕೆಳಗೆ ಬೀಳುವುದರಿಂದ ನೆಲ ಒಣಗಿರುತ್ತದೆ, ಕೆಳಗೆ ಒಣ ತರಗೆಲೆ ಹರಡಿದ್ದರೆ ತೋಟಕ್ಕೆ ಒಳ್ಳೆಯ ಗೊಬ್ಬರವೂ ಆಗುತ್ತದೆ.

ಕಾಲುಗಳಿಗೆ ಮಾತ್ರ ಅಡಿಕೆ ಮರ ಬೇಡ. ಮಣ್ಣಿಗೆ ತಾಗಿದ ಕಡೆ ಗೆದ್ದಲು ಹತ್ತಿ, ಒಂದು ಗಾಳಿಮಳೆಗೆ ಗೂಡೇ ವಾಲಬಹುದು. ಹಳೆಯ ಕಬ್ಬಿಣದ ಪೈಪು ಅಥವಾ ಸಿಮೆಂಟ್ ಕಂಬದ ಮೇಲೆ ಗೂಡು ನೆಲದಿಂದ 2 ಅಡಿ ಎತ್ತರದಲ್ಲಿರಲಿ. ಕಂಬಕ್ಕೆ ನುಣುಪಾದ ತಗಡನ್ನು ಸುತ್ತಿದರೆ ಇಲಿ, ಹಾವು ಹತ್ತುವುದು ಕಷ್ಟ. ಇಷ್ಟು ಮಾಡಿ ಗೂಡನ್ನು ಮನೆಯ ಗೋಡೆಗೋ ಮರಕ್ಕೋ ಒರಗಿಸಿದರೆ ಪಟ್ಟ ಶ್ರಮವೆಲ್ಲ ವ್ಯರ್ಥ. ಸುತ್ತ 3 ಅಡಿಯಾದರೂ ಬಯಲು ಬಿಡಿ. ಬಾಗಿಲಿಗೆ ಹಗ್ಗ ಕಟ್ಟಿ ನಿಲ್ಲಿಸಬೇಡಿ, ಗಟ್ಟಿ ಚಿಲಕವನ್ನೇ ಹಾಕಿಸಿ. ಮುಂಗುಸಿ, ಕಾಡುಬೆಕ್ಕು ಸಡಿಲ ಬಾಗಿಲನ್ನು ಹುಡುಕಿಕೊಂಡೇ ಬರುತ್ತವೆ, ಒಮ್ಮೆ ಒಳನುಗ್ಗಿದರೆ ಒಂದು ಕೋಳಿಗೆ ನಿಲ್ಲುವುದಿಲ್ಲ.

ಮಾಡಿಗೆ ಹಳೆಯ ತಗಡು ಸಾಕು. ಬೇಸಿಗೆಯಲ್ಲಿ ಅದರ ಮೇಲೆ ಸೋಗೆ ಹೊದಿಸಿ, ಸೂರು ಸುತ್ತಲೂ ಒಂದೂವರೆ, ಎರಡು ಅಡಿ ಮುಂಚಾಚಲಿ. ಒಳಗೆ ಕೂರಲು 6 ಅಡಿಯ ಎರಡು ಗಳುಗಳನ್ನು ಅಡ್ಡಕಟ್ಟಿದರೆ ಕೋಳಿಗೊಂದು ಅಡಿ ಜಾಗ ಸಿಗುತ್ತದೆ. ಗಿರಿರಾಜ ಕೋಳಿಗಳು ಎತ್ತರದಿಂದ ಧುಮುಕಿದರೆ ಕಾಲಿಗೆ ಪೆಟ್ಟಾಗುವುದರಿಂದ ಗಳು ಒಂದೂವರೆ ಅಡಿಗಿಂತ ಮೇಲಿರಬಾರದು. ಮೊಟ್ಟೆಯಿಡಲು ನಾಲ್ಕೈದು ಹೇಂಟೆಗೆ ಒಂದರಂತೆ 2 ಅಥವಾ 3 ಹಳೆಯ ಬುಟ್ಟಿಗಳನ್ನು ಗಳುವಿಗಿಂತ ತಗ್ಗಿನಲ್ಲಿ ಇಡಿ. ಕೋಳಿಗಳು ರಾತ್ರಿ ಎತ್ತರದ ಜಾಗವನ್ನೇ ಆರಿಸಿಕೊಳ್ಳುವುದರಿಂದ ಬುಟ್ಟಿ ಮೇಲಿದ್ದರೆ ಅದರಲ್ಲೇ ಮಲಗಿ ಹೊಲಸು ಮಾಡುತ್ತವೆ.

ಕೊನೆಯದಾಗಿ ಒಂದು ಕೋರಿಕೆ. ಆ 8,000 ರೂಪಾಯಿಯನ್ನು ಪೂರ್ತಿ ಗೂಡಿಗೇ ಸುರಿಯದೆ ಕೋಳಿಗಳಿಗೆ ತಗಲುವ ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆಗೆಂದು ಸ್ವಲ್ಪ ಎತ್ತಿಡಿ. ಮರಿಗಳಿಗೆ ಮೊದಲ ವಾರದಲ್ಲಿ ಲಸೋಟ ಹನಿ, ಸುಮಾರು 8 ವಾರಕ್ಕೆ ಆರ್‌2ಬಿ ಚುಚ್ಚುಮದ್ದು ಆಗಬೇಕು. ಬೆಳೆದ ಮರಿಗಳನ್ನು ಕೊಳ್ಳುವುದಾದರೆ ಯಾವ ಲಸಿಕೆ ಆಗಿದೆಯೆಂದು ಕೇಳಿಕೊಂಡು, ಉಳಿದದ್ದನ್ನು ಪಶು ಚಿಕಿತ್ಸಾಲಯದಲ್ಲಿ ವಿಚಾರಿಸಿ.

ಪ್ರಶ್ನೆ: ಪಕ್ಕದ ಊರಿನವರೊಬ್ಬರು ಕೋಳಿ ಸಾಕುವುದನ್ನು ಬಿಟ್ಟು, ತಮ್ಮ ಮರದ ಗೂಡನ್ನು ತೀರಾ ಕಡಿಮೆ ಬೆಲೆಗೆ ಕೊಡುತ್ತೇವೆನ್ನುತ್ತಾರೆ. ಅವರ ಕೋಳಿಗಳು ಸೊರಗಿ ಸೊರಗಿ ಸತ್ತವಂತೆ. ತೊಳೆದು ಬಳಸಬಹುದೇ?
– ಓದುಗರು, ಹಿರಿಯೂರು ತಾಲ್ಲೂಕು

ಉತ್ತರ: ಆ ಗೂಡನ್ನು ಪುಕ್ಕಟೆ ಕೊಟ್ಟರೂ ತರಬೇಡಿ. ಕೋಳಿಗಳು ಯಾವ ಕಾಯಿಲೆಯಿಂದ ಸತ್ತವೆಂದು ತಿಳಿಯದಿರುವುದು ಒಂದು ಕಾರಣ. ಸೊರಗಿ ಸತ್ತವೆಂಬ ಮಾತು ರಕ್ತ ಹೀರುವ ಉಣ್ಣೆ ಹುಳುವಿನ ಕಡೆಗೆ ಬೆರಳು ತೋರಿಸುತ್ತಿರುವುದು ಇನ್ನೊಂದು. ಕೋಳಿಯ ಮೈಯಲ್ಲಿ ಹಗಲು ಹುಡುಕಿದರೆ ಬೆಳೆದ ಉಣ್ಣೆಗಳು ಸಿಗುವುದಿಲ್ಲ. ಅವು ಮರದ ಬಿರುಕು, ಮೊಳೆಯ ಸಂದು, ಹಲಗೆಯ ಕೂಡುಗಳಲ್ಲಿ ಅಡಗಿದ್ದು ರಾತ್ರಿ ಬಂದು ರಕ್ತ ಹೀರಿ ಮತ್ತೆ ಸಂದು ಸೇರುತ್ತವೆ. ಕತ್ತಲಾದ ಮೇಲೆ ಟಾರ್ಚ್ ಹಿಡಿದು ಹಲಗೆಯ ಕೂಡಿಗೆ ಚಾಕುವಿನ ಮೊನೆ ಹಾಯಿಸಿದರೆ ಚಪ್ಪಟೆಯಾದ, ಕಂದು ಬಣ್ಣದ ಬೀಜದಂಥವು ಹೊರಬೀಳುತ್ತವೆ. ಕೋಳಿಯಿಲ್ಲದ ಖಾಲಿ ಗೂಡಿನಲ್ಲಿ ಆಹಾರವಿಲ್ಲದೆ ಅವು ಒಂದು ವರ್ಷಕ್ಕೂ ಮೀರಿ ಬದುಕಬಲ್ಲವಾದ್ದರಿಂದ ‘ಆರು ತಿಂಗಳಿಂದ ಖಾಲಿ ಬಿದ್ದಿದೆ’ ಎಂದು ಮಾರುವವರು ಭರವಸೆ ಕೊಟ್ಟರೂ ಅದಕ್ಕೆ ಬೆಲೆಯಿಲ್ಲ. ರಕ್ತ ಹೀರುವುದಲ್ಲದೆ ಒಂದು ಬಗೆಯ ಮಾರಕ ಜ್ವರವನ್ನೂ ಅವು ಕೋಳಿಯಿಂದ ಕೋಳಿಗೆ ದಾಟಿಸುತ್ತವೆ.

ಹಳೆಯದನ್ನೇ ಕೊಳ್ಳಬೇಕೆಂದಿದ್ದರೆ ಕಬ್ಬಿಣದ ಗೂಡನ್ನು ಹುಡುಕಿ. ಮೊದಲು ಅಂಟಿದ ಹಿಕ್ಕೆಯನ್ನೆಲ್ಲ ಕೆರೆದು, ಸೋಪಿನ ನೀರಿನಿಂದ ಉಜ್ಜಿ, ಬಿಸಿಲಿಗೆ ಒಣಗಿಸಿ, ಆಮೇಲೆ ಗ್ಯಾಸಿನ ಜ್ವಾಲೆಯನ್ನು ಮೂಲೆ ಮೂಲೆಗೂ ಹಾಯಿಸಿ. ಕೊಳೆಯ ಮೇಲೆಯೇ ಕ್ರಿಮಿನಾಶಕ ಸಿಂಪಡಿಸಿದರೆ ಅದು ಕೆಲಸ ಮಾಡುವುದಿಲ್ಲ. ಮರದ ಗೂಡಿಗೆ ಈ ಉಪಾಯ ನಡೆಯುವುದಿಲ್ಲ, ಒಳಗಿನ ಬಿರುಕಿಗೆ ಬೆಂಕಿ ತಲುಪುವಷ್ಟರಲ್ಲಿ ಹಲಗೆಯೇ ಹೊತ್ತಿಕೊಂಡಿರುತ್ತದೆ.

ಪ್ರಶ್ನೆ: ಕಾವಿಗೆ ಕೂತ ಹೇಂಟೆಗೆ ಬೇರೆ ಗೂಡು ಕಟ್ಟಿಸಬೇಕೇ?
– ಓದುಗರು, ಮಂಡ್ಯ

ಉತ್ತರ: ಬೇಕಾಗಿಲ್ಲ. ಕಾವಿನ ಅವಧಿ 21 ದಿನ. ಮನೆಯ ಕತ್ತಲೆಯ ಮೂಲೆಯಲ್ಲಿ ಒಣಹುಲ್ಲು ಹಾಸಿದ ಬುಟ್ಟಿ, ಹತ್ತಿರದಲ್ಲೇ ಕಾಳು ಮತ್ತು ನೀರು ಇದ್ದರೆ ಸಾಕು. ಹೇಂಟೆ ದಿನಕ್ಕೊಮ್ಮೆ ಎದ್ದು ತಿಂದು, ಹಿಕ್ಕೆ ಹಾಕಿ ಬರಲು ಬಿಡಿ. ಮರಿಯೊಡೆದ ಮೇಲೆ ಮೊದಲ ಕೆಲವು ವಾರ ತಾಯಿ ಮರಿಗಳನ್ನು ರಾತ್ರಿ ಮಂಕರಿಯ ಕೆಳಗೆ ಮುಚ್ಚಿ, ಮೇಲೊಂದು ಕಲ್ಲು ಹೇರಿ, ಮನೆಯೊಳಗೇ ಇಟ್ಟುಕೊಳ್ಳಿ. ಮುಚ್ಚಿದ ಮಂಕರಿಯೊಳಗೆ ಗಾಳಿಯಾಡುವಂತೆ ಹೆಣಿಗೆ ಸಡಿಲವಾಗಿರಲಿ.