ಗ್ರೈಂಡರ್ ಮುಟ್ಟಿದರೆ ಜುಮ್ ಅನ್ನುತ್ತದೆ

ಅಣ್ಣಾ, ಶಹಾಬಾದಿನ ನಿಮ್ಮ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ ಬೆಂಚ್ ಗ್ರೈಂಡರ್ ಮುಟ್ಟಿದರೆ ಜುಮ್ ಅನ್ನುತ್ತದೆ, ಕೆಳಗೆ ರಬ್ಬರ್ ಮ್ಯಾಟ್ ಹಾಕಿದರೆ ಸಾಕಾ ಅಂತ ಕೇಳಿದ್ದೀರಿ. ಸಾಲದು. ಮೊದಲು ಅದರ ಪ್ಲಗ್ ಕಿತ್ತಿಡಿ, ಇವತ್ತೇ.

ನಾನೂ ಕಲಬುರಗಿಯಲ್ಲಿ ಇದೇ ಕೆಲಸ ಮಾಡುವವನು. ಪ್ಲಗ್ ಬಿಚ್ಚಿ ನೋಡಿ. ಮೇಲಿನ ದಪ್ಪ ಪಿನ್ನಿಗೆ ಹಸಿರು ವಯರ್, ಅಂದರೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ಅರ್ಥ್ ವಯರ್, ಇದೆಯಾ? ನನ್ನ ಅಂಗಡಿಯಲ್ಲಿ ಒಮ್ಮೆ ಅದು ಸ್ಕ್ರೂ ಕೆಳಗಿಂದ ಕಳಚಿ, ಸುಮ್ನೆ ಬಾಗಿಕೊಂಡು ಕೂತಿತ್ತು. ಹೊರಗಿಂದ ಏನೂ ಗೊತ್ತಾಗುತ್ತಿರಲಿಲ್ಲ. ವಯರ್ ಸರಿ ಇದ್ದರೂ 500 ವೋಲ್ಟ್ ಮೆಗ್ಗರ್ (ಇನ್ಸುಲೇಶನ್ ಅಳೆಯುವ ಮೀಟರ್) ಹಿಡಿದು ವೈಂಡಿಂಗ್ (ಮೋಟಾರ್ ಒಳಗಿನ ತಂತಿ ಸುರುಳಿ) ಮತ್ತು ಬಾಡಿ ನಡುವೆ ಅಳೆಯಿರಿ. 1 ಮೆಗಾಓಮ್‌ಗಿಂತ ಕಡಿಮೆ ಬಂದರೆ ಗ್ರೈಂಡರ್ ಬಿಚ್ಚಲೇಬೇಕು. ಕಬ್ಬಿಣದ ಪುಡಿ ಒಳಗೆ ಸೇರಿರಬಹುದು.

ಇನ್ನು ಅರ್ಥಿಂಗ್ ಗುಂಡಿ, ಅಂದರೆ ಅರ್ಥ್ ವಯರ್ ಹೋಗಿ ಸೇರುವ ರಾಡ್ ಹೂತಿರುವ ಗುಂಡಿ. ನಮ್ಮ ಕಡೆ ಬೇಸಿಗೆಯಲ್ಲಿ ಎರೆ ಮಣ್ಣು ಕೈ ತೂರುವಷ್ಟು ಬಿರಿಯುತ್ತದೆ ಅಲ್ವಾ, ಆಗ ರಾಡ್ ಸುತ್ತ ಮಣ್ಣು ಹಿಡಿದಿರುವುದೇ ಇಲ್ಲ. ಮಳೆ ಬರುವವರೆಗೆ ಗುಂಡಿಗೆ ನೀರು ಹಾಕುತ್ತಾ ಇರಿ.

ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನೇ ಲೈನ್ ಕಡಿಯುವ 30 ಮಿಲಿಆಂಪ್ ಆರ್‌ಸಿಸಿಬಿ ಹಾಕಿಸಿ, ತಿಂಗಳಿಗೊಮ್ಮೆ ಅದರ ಟೆಸ್ಟ್ ಬಟನ್ ಒತ್ತಿ ನೋಡಿ. ಫರಸಿ ಕಲ್ಲಿನ ನೆಲ ಒಣಗಿದ್ದಾಗ ಬರೀ ಜುಮ್ ಅನ್ನುವ ಕರೆಂಟು, ನೆಲ ಒದ್ದೆಯಾದರೆ ಜೀವ ತೆಗೆಯುತ್ತದೆ. ನಿಮ್ಮ ಹುಡುಗರನ್ನು ಬರಿಗಾಲಲ್ಲಿ ಮಾತ್ರ ನಿಲ್ಲಿಸಬೇಡಿ.